ಆಲ್‌ಪ್ರಜೋಲಮ್ 0.25: ಮೊದಲ ಎರಡು ವಾರಕ್ಕೆ ಐದಕ್ಕೆ ಐದು, ಆಮೇಲಿನದಕ್ಕೆ ಇಲ್ಲ

ಈ ಮಾತ್ರೆಯಿಂದ ನಿದ್ದೆ ಬರುತ್ತದಾ ಅಂತ ಕೇಳಿದರೆ, ಬರುತ್ತದೆ. ಚೆನ್ನಾಗಿಯೇ ಬರುತ್ತದೆ. ಮಾವ ತೀರಿಕೊಂಡ ಮೇಲೆ ನಮ್ಮ ಅತ್ತೆ ರಾತ್ರಿಯಿಡೀ ಮಂಚದ ಮೇಲೆ ಎದ್ದು ಕೂತಿರುತ್ತಿದ್ದರು. ಡಾಕ್ಟರು ಎರಡು ವಾರಕ್ಕೆ ಅಂತ 0.25 ಮಿಲಿಗ್ರಾಂ ಆಲ್‌ಪ್ರಜೋಲಮ್ ಬರೆದುಕೊಟ್ಟರು. ಊಟ ಮುಗಿಸಿ ಮಾತ್ರೆ ನುಂಗಿದರೆ ಸ್ವಲ್ಪ ಹೊತ್ತಿಗೇ ಕಣ್ಣು ಎಳೆಯುತ್ತಿತ್ತು. ಬೆಳಿಗ್ಗೆ ತಾವೇ ಎದ್ದು ಹಾಲು ಕಾಯಿಸಲು ಬರುತ್ತಿದ್ದರು. ಮನೆಯವರಿಗೆಲ್ಲ ಜೀವ ಬಂದ ಹಾಗಾಯಿತು.

ತೊಂದರೆ ಶುರುವಾಗಿದ್ದು ಆ ಎರಡು ವಾರ ಮುಗಿದ ಮೇಲೆ. ಚೀಟಿಯಲ್ಲಿ ಎಷ್ಟು ದಿನ ಅಂತ ಇತ್ತು, ಹೇಗೆ ಬಿಡಬೇಕು ಅಂತ ಇರಲಿಲ್ಲ. ಒಂದು ಮೆಡಿಕಲ್‌ನಲ್ಲಿ ಹಳೇ ಚೀಟಿ ತೋರಿಸಿದರೆ ಸಾಕು, ಸ್ಟ್ರಿಪ್ ಕೈಗೆ ಬರುತ್ತಿತ್ತು. ಆಮೇಲಾಮೇಲೆ ಚೀಟಿಯೂ ಬೇಕಾಗಲಿಲ್ಲ. "ಒಂದು ಚಿಕ್ಕ ಮಾತ್ರೆ ಕಣೇ, ಏನಾಗುತ್ತೆ?" ಅನ್ನುತ್ತಿದ್ದರು ಅತ್ತೆ. 0.25 ಸಾಲದೆ 0.5 ಆಯಿತು.

ಆ ಸ್ಟ್ರಿಪ್ ಕೈಯಲ್ಲಿ ಹಿಡಿದು ನೋಡಿ. ಮೂಲೆಯಲ್ಲಿ ಕೆಂಪು ಅಕ್ಷರದಲ್ಲಿ ಎನ್‌ಆರ್‌ಎಕ್ಸ್ ಅಂತ ಇರುತ್ತದೆ. ಮನಸ್ಸಿನ ಮೇಲೆ ಕೆಲಸ ಮಾಡುವ, ಕಾನೂನಿನ ಹಿಡಿತದಲ್ಲಿರುವ ಔಷಧಿ ಅನ್ನುವುದಕ್ಕೆ ಅದು ಗುರುತು. ಪಕ್ಕದಲ್ಲಿ ಕೆಂಪು ಚೌಕ, ಅದರೊಳಗೆ ವೈದ್ಯರ ಸಲಹೆ ಇಲ್ಲದೆ ತೆಗೆದುಕೊಳ್ಳುವುದು ಅಪಾಯ ಅನ್ನುವ ಎಚ್ಚರಿಕೆ. ಎಲ್ಲವೂ ಇಂಗ್ಲಿಷ್‌ನಲ್ಲಿ, ಇರುವೆ ಗಾತ್ರದ ಅಕ್ಷರದಲ್ಲಿ. ಕನ್ನಡ ಪೇಪರನ್ನು ಒಂದಕ್ಷರ ಬಿಡದೆ ಓದುವ ನಮ್ಮ ಅತ್ತೆಗೆ ಇದರಲ್ಲಿ ಒಂದು ಪದವೂ ದಕ್ಕಲಿಲ್ಲ. ನನಗೆ ಇವತ್ತಿಗೂ ಸಿಟ್ಟು ಬರುವುದು ಇದೇ ವಿಷಯಕ್ಕೆ. ಎಚ್ಚರಿಕೆ ಇರುವುದು ಯಾರಿಗೆ? ನುಂಗುವವರಿಗೆ ಅಲ್ವಾ?

ಕಾನೂನು ಗಟ್ಟಿಯಾಗಿಯೇ ಇದೆ. 2014ರ ಮಾರ್ಚ್‌ನಿಂದ ಇದು ಶೆಡ್ಯೂಲ್ ಎಚ್1ರಲ್ಲಿದೆ, ಅಂದರೆ ಚೀಟಿ ಇಲ್ಲದೆ ಮಾರಬಾರದ ಔಷಧಿಗಳ ಪಟ್ಟಿಯಲ್ಲಿ. ಬರೆದುಕೊಟ್ಟ ಡಾಕ್ಟರ ಹೆಸರು, ರೋಗಿಯ ಹೆಸರು, ಎಷ್ಟು ಮಾತ್ರೆ ಕೊಟ್ಟರು ಅನ್ನುವುದನ್ನು ಅಂಗಡಿಯವರು ಬೇರೆ ರಿಜಿಸ್ಟರ್‌ನಲ್ಲಿ ಬರೆದು ಮೂರು ವರ್ಷ ಇಟ್ಟಿರಬೇಕು. ಈಗ ನಾವು ಹೋಗುವ ಇನ್ನೊಂದು ಮೆಡಿಕಲ್‌ನವರು ಹೊಸ ಚೀಟಿ ಇಲ್ಲದಿದ್ದರೆ ಕೊಡುವುದೇ ಇಲ್ಲ. ಅಂಥ ಅಂಗಡಿಯವರ ಮೇಲೆ ಜನ ರೇಗುತ್ತಾರೆ. ದಯವಿಟ್ಟು ರೇಗಬೇಡಿ.

ಬೆಂಜೋಡಯಾಜೆಪೈನ್ ಅನ್ನುವ ಈ ಜಾತಿಯ ಮಾತ್ರೆಗಳು ಬಂದಾಗ ಅದು ದೊಡ್ಡ ಸಮಾಧಾನವೇ ಆಗಿತ್ತು. ಅದಕ್ಕೂ ಮುಂಚೆ ನಿದ್ದೆಗೆ ಕೊಡುತ್ತಿದ್ದದ್ದು ಬಾರ್ಬಿಚುರೇಟ್. ಅದರಲ್ಲಿ ನಿದ್ದೆ ತರಿಸುವ ಡೋಸ್‌ಗೂ ಜೀವ ತೆಗೆಯುವ ಡೋಸ್‌ಗೂ ಅಂತರ ಕಡಿಮೆ. ಅಮೆರಿಕದಲ್ಲಿ ರೋಶ್ ಕಂಪನಿಯ ಲಿಯೋ ಸ್ಟೆರ್ನ್‌ಬಾಕ್ ಎಂಬ ವಿಜ್ಞಾನಿಯ ಲ್ಯಾಬ್‌ನಲ್ಲಿ ಮಾಡಿ, ಪರೀಕ್ಷೆ ಮಾಡದೆ ಬಿಟ್ಟಿದ್ದ ಒಂದು ಪುಡಿ 1957ರಲ್ಲಿ ಲ್ಯಾಬ್ ಚೊಕ್ಕ ಮಾಡುವಾಗ ಮತ್ತೆ ಸಿಕ್ಕಿತು. ಅದೇ 1960ರಲ್ಲಿ ಈ ಜಾತಿಯ ಮೊದಲ ಮಾತ್ರೆ ಲಿಬ್ರಿಯಂ ಆಯಿತು. 1963ರಲ್ಲಿ ಅದೇ ಜಾತಿಯ ವೇಲಿಯಂ ಬಂತು. ಆಲ್‌ಪ್ರಜೋಲಮ್ ಅಮೆರಿಕದ ಮಾರುಕಟ್ಟೆಗೆ ಬಂದದ್ದು 1981ರಲ್ಲಿ. ಇವತ್ತಿಗೂ ಫಿಟ್ಸ್ ನಿಲ್ಲದಿದ್ದಾಗ, ಕುಡಿತ ಬಿಡಿಸುವ ವಾರ್ಡ್‌ಗಳಲ್ಲಿ, ಆಪರೇಷನ್‌ಗೆ ಮುಂಚೆ ಈ ಗುಂಪಿನ ಔಷಧಿಗಳು ಬೇಕೇ ಬೇಕು. ಅವನ್ನು ವಿಷ ಅನ್ನುವವರ ಮಾತು ನಾನು ಒಪ್ಪುವುದಿಲ್ಲ.

ಆದರೆ ದಿನಾ ನಿದ್ದೆಗೆ ಅಂತ? ಮಿದುಳಿನಲ್ಲಿ ಗಾಬಾ ಅನ್ನುವ ರಾಸಾಯನಿಕ ಬ್ರೇಕ್ ಇದ್ದ ಹಾಗೆ. ಮಾತ್ರೆ ಆ ಬ್ರೇಕನ್ನು ಇನ್ನಷ್ಟು ಬಿಗಿ ಮಾಡುತ್ತದೆ. ಮಿದುಳು ಅದಕ್ಕೆ ಒಗ್ಗಿಕೊಂಡ ಮೇಲೆ ಅದೇ ಡೋಸ್ ಸಾಲುವುದಿಲ್ಲ. ವಯಸ್ಸಾದವರಲ್ಲಿ ಅದು ಮೈಯಿಂದ ಹೋಗುವುದೂ ನಿಧಾನ: ಅರ್ಧದಷ್ಟು ಇಳಿಯಲು ವಯಸ್ಕರಲ್ಲಿ ಸುಮಾರು 11 ಗಂಟೆ ಬೇಕಾದರೆ ಹಿರಿಯರಲ್ಲಿ ಸುಮಾರು 16 ಗಂಟೆ. ಅಂದರೆ ಬೆಳಿಗ್ಗೆ ಕಾಫಿ ಕುಡಿಯುವಾಗಲೂ ಮಾತ್ರೆ ಮೈಯಲ್ಲೇ ಇರುತ್ತದೆ. ನಮ್ಮ ಅತ್ತೆ ರಾತ್ರಿ ಬಚ್ಚಲಿಗೆ ಎದ್ದವರು ಹೊಸ್ತಿಲಲ್ಲಿ ಜೋಲಿ ತಪ್ಪಿ ಬಿದ್ದರು. ಮೂಳೆ ಮುರಿಯಲಿಲ್ಲ, ಹಣೆಗೆ ಹೊಲಿಗೆ ಬಿತ್ತು. ಮಾತ್ರೆಯ ಮೇಲೆ ಅನುಮಾನ ಬಂದದ್ದು ಆಗಲೇ.

ಹೆದರಿ ಒಂದೇ ಸಲ ನಿಲ್ಲಿಸುವುದು ಇನ್ನೂ ಅಪಾಯ. ಕೈ ನಡುಕ, ಬೆವರು, ಭ್ರಮೆ, ಕೆಲವರಿಗೆ ಫಿಟ್ಸ್ ಕೂಡ ಬರಬಹುದು. ತೆಲಂಗಾಣದಲ್ಲಿ ಕಲಬೆರಕೆ ಸೇಂದಿಗೆ ಇದೇ ಆಲ್‌ಪ್ರಜೋಲಮ್ ಬೆರೆಸುತ್ತಾರೆ. 2015ರಲ್ಲಿ ಅಲ್ಲಿ ಈ ಕಲಬೆರಕೆಯ ಮೇಲೆ ಬಿಗಿ ಮಾಡಿದಾಗ, ಕುಡಿಯಲು ಸಿಗದೆ ಇದೇ ಲಕ್ಷಣಗಳಿಂದ ಜನ ಗುಂಪುಗುಂಪಾಗಿ ಆಸ್ಪತ್ರೆ ಸೇರಿದ್ದರು.

ಅತ್ತೆಗೆ ಬಿಡಿಸಿದ್ದು ಸರ್ಕಾರಿ ಆಸ್ಪತ್ರೆಯ ಮನೋವೈದ್ಯರು. 0.25ರ ಮಾತ್ರೆಗಳನ್ನೇ ತರಿಸಿ, ಒಂದೂವರೆ, ಕೆಲವು ವಾರ ಬಿಟ್ಟು ಒಂದು, ಮತ್ತೆ ಮುಕ್ಕಾಲು, ಅರ್ಧ, ಹೀಗೆ ಇಳಿಸಿದರು. ಬ್ಲೇಡಿನಲ್ಲಿ ಕತ್ತರಿಸಿದರೆ ಪುಡಿಯಾಗುತ್ತದೆ. ಮೆಡಿಕಲ್‌ನಲ್ಲಿ ಮಾತ್ರೆ ಕತ್ತರಿಸುವ ಚಿಕ್ಕ ಡಬ್ಬಿ ಸಿಗುತ್ತದೆ, ತೊಗೊಳ್ಳಿ. ಜೊತೆಗೆ ಸಂಜೆ ಕಾಫಿ ಬಂದ್, ಮಧ್ಯಾಹ್ನದ ನಿದ್ದೆ ಬಂದ್, ರಾತ್ರಿ ಹೇಗೇ ಕಳೆದರೂ ಬೆಳಿಗ್ಗೆ ಏಳುವ ಹೊತ್ತು ಒಂದೇ. ಕಾಫಿಗೆ ಜಗಳವೇ ಆಯಿತು. ಪ್ರತಿ ಸಲ ಡೋಸ್ ಇಳಿಸಿದಾಗ ಕೆಲವು ರಾತ್ರಿ ಕಷ್ಟ, ಆಮೇಲೆ ಸರಿಹೋಗುತ್ತಿತ್ತು. ಈಗ ಮಾತ್ರೆ ಇಲ್ಲದೆ ಮಲಗುತ್ತಾರೆ. ಮೊದಲಿನಷ್ಟು ಹೊತ್ತಲ್ಲ, ಆದರೆ ಹಗಲು ತೂಕಡಿಕೆ ಇಲ್ಲ, ನಡಿಗೆ ಗಟ್ಟಿಯಾಗಿದೆ.

ತೊಗೊಳ್ಳುವವರಿಗೆ ಹೇಳುವುದಿಷ್ಟು. ಚೀಟಿ ಬರೆಸುವಾಗಲೇ ಯಾವತ್ತು ನಿಲ್ಲಿಸಬೇಕು, ಹೇಗೆ ಇಳಿಸಬೇಕು ಅಂತ ಬರೆಸಿಕೊಳ್ಳಿ. ಬ್ರಿಟನ್ನಿನಲ್ಲಿ 1988ರಲ್ಲೇ ವೈದ್ಯರಿಗೆ ಎರಡರಿಂದ ನಾಲ್ಕು ವಾರದ ಮಿತಿ ಹೇಳಿದ್ದರು. ಹೆಂಡದ ಜೊತೆ, ಟ್ರಮಡಾಲ್‌ನಂಥ ನೋವಿನ ಮಾತ್ರೆ ಜೊತೆ ಸೇರಿಸಲೇಬೇಡಿ, ಉಸಿರೇ ನಿಲ್ಲಬಹುದು. ಈಗಾಗಲೇ ತಿಂಗಳುಗಟ್ಟಲೆ ತೊಗೊಳ್ಳುತ್ತಿದ್ದರೆ ಇವತ್ತೇ ನಿಲ್ಲಿಸಬೇಡಿ, ಮೊದಲು ಡಾಕ್ಟರ ಹತ್ತಿರ ಹೋಗಿ. ಯಾರ ಹತ್ತಿರ ಹೋಗುವುದು ಅಂತ ಗೊತ್ತಾಗದಿದ್ದರೆ ಮಾನಸಿಕ ಆರೋಗ್ಯದ ಸರ್ಕಾರಿ ಸಹಾಯವಾಣಿ ಟೆಲಿ ಮಾನಸ್ ಇದೆ, 14416. ದುಡ್ಡು ಕೊಡಬೇಕಿಲ್ಲ, ಕನ್ನಡದಲ್ಲೇ ಮಾತಾಡಬಹುದು.