‘ನೀರೂ ಬೇಡ, ದನವೂ ಮುಟ್ಟುವುದಿಲ್ಲ’ ಎಂದು ಮಾರುವ ಹೂಗಿಡಗಳ ಬಗ್ಗೆ ಕರಾವಳಿಯವರಿಗೆ ಎಚ್ಚರಿಕೆ

ಕಾರವಾರದ ಕೋಡಿಬಾಗದಲ್ಲಿ, ಕಾಳಿ ನದಿ ಸಮುದ್ರ ಸೇರುವ ಜಾಗಕ್ಕೆ ಹತ್ತಿರವಿರುವ ನಮ್ಮ ಅಂಗಳದಲ್ಲಿ ಜನವರಿ ಕಳೆದ ಮೇಲೆ ಹೂ ಉಳಿಸಿಕೊಳ್ಳುವುದು ಎಂದೂ ಸುಲಭವಾಗಿರಲಿಲ್ಲ. ಮಾರ್ಚ್ ಬರುವಷ್ಟರಲ್ಲಿ ಬಾವಿಯ ನೀರು ಸವಳಾಗುತ್ತದೆ, ಮಧ್ಯಾಹ್ನದ ಪಡುವಣ ಗಾಳಿ ತರುವ ಉಪ್ಪು ಎಲೆಯ ಅಂಚನ್ನು ಸುಡುತ್ತದೆ, ಚಿರೆಕಲ್ಲಿನ ನೆಲ ಸಂಜೆಯವರೆಗೂ ಕಾದಿರುತ್ತದೆ. ಮೂರು ವರ್ಷದ ಹಿಂದೆ, ನಾನು ಶಾಲೆಯಿಂದ ನಿವೃತ್ತಳಾದ ಮೇಲಿನ ಮೊದಲ ಫೆಬ್ರುವರಿಯಲ್ಲಿ, ವಾಹನದ ತುಂಬ ಗಿಡ ಹೇರಿಕೊಂಡು ಬಂದ ವ್ಯಾಪಾರಿಯೊಬ್ಬರು ನಮ್ಮ ಗೇಟಿನ ಎದುರು ನಿಲ್ಲಿಸಿ, ಇವೆಲ್ಲ ಬಿಸಿಲಿಗೆ ಜಗ್ಗದ ಗಟ್ಟಿ ಗಿಡಗಳು, ವಾರಕ್ಕೊಮ್ಮೆ ನೀರು ಹಾಕಿದರೆ ಸಾಕು ಎಂದಾಗ, ನನಗೆ ಬೇಕಾದದ್ದೇ ಸಿಕ್ಕಿತೆಂದುಕೊಂಡೆ. ಎಂಟು ಅಡೇನಿಯಂ, ಆರು ಲ್ಯಾವೆಂಡರ್, ಐದು ಗಜಾನಿಯಾ, ಮೂರು ಗಿಡ್ಡ ಜಾತಿಯ ಗುಲಾಬಿ ಬಣ್ಣದ ಕಣಗಿಲೆ, ಒಟ್ಟು 22 ಗಿಡಗಳಿಗೆ 5,900 ರೂಪಾಯಿ ಕೊಟ್ಟೆ. ಕಣಗಿಲೆಯನ್ನು ಕೈಗಿಡುವಾಗ ಅವರು, ‘ಇದನ್ನು ದನ ಕೂಡ ಮುಟ್ಟುವುದಿಲ್ಲ, ಬೇಲಿ ಇಲ್ಲದಿದ್ದರೂ ನಡೆಯುತ್ತದೆ’ ಎಂದದ್ದು ಇನ್ನೂ ಕಿವಿಯಲ್ಲಿದೆ.

ಮೇ ಕೊನೆಯವರೆಗೆ ಅವರ ಮಾತು ಹೆಚ್ಚುಕಡಿಮೆ ನಿಜವೇ ಆಯಿತು. ಏಪ್ರಿಲ್‌ನಲ್ಲಿ ಅಡೇನಿಯಂ ತುಂಬ ಹೂವಾಗಿ, ದಾರಿಯಲ್ಲಿ ಹೋಗುವವರು ನಿಂತು ನೋಡುತ್ತಿದ್ದರು. ಲ್ಯಾವೆಂಡರ್ ಮಾತ್ರ ನಮ್ಮ ತೇವದ ಸೆಕೆಯಲ್ಲಿ ಬುಡದಿಂದಲೇ ಕಪ್ಪಾಗುತ್ತ ಬಂದು ಮಳೆಗೆ ಮೊದಲೇ ಹೋಯಿತು.

ಜೂನ್‌ನಲ್ಲಿ ಮಳೆ ಹಿಡಿದು ಹದಿನೈದು ದಿನವಾಗಿರಬಹುದು. ಒಂದು ಅಡೇನಿಯಂ ಸ್ವಲ್ಪ ವಾಲಿದಂತೆ ಕಂಡು, ನೆಟ್ಟಗೆ ಮಾಡೋಣವೆಂದು ಅದರ ದಪ್ಪ ಬುಡವನ್ನು ಹಿಡಿದರೆ, ಕಳಿತ ಪಪ್ಪಾಯಿಯೊಳಗೆ ಇಳಿದಂತೆ ಹೆಬ್ಬೆರಳು ಒಳಗೆ ಇಳಿಯಿತು. ಕಂದು ಬಣ್ಣದ ನೀರು ಒಸರಿ, ಹುಳಿತ ವಾಸನೆ ಬಂತು. ಮೇಲೆ ಎಲೆ ಇನ್ನೂ ಹಸಿರಾಗಿಯೇ ಇತ್ತು. ಪಕ್ಕದ ಗಿಡಗಳನ್ನು ಕಿತ್ತು ನೋಡಿದಾಗ ಎಲ್ಲದರ ಬೇರೂ ಕೊಳೆತಿತ್ತು. ಚಿರೆಕಲ್ಲು ಕಡಿದು ತೋಡಿದ ಗುಂಡಿಗೆ ನೀರು ಇಳಿದು ಹೋಗಲು ಬೇರೆ ದಾರಿಯಿಲ್ಲ. ನಾನು ಗೊಬ್ಬರ ತುಂಬಿಸಿ, ಪ್ರೀತಿಯಿಂದ ಗಿಡ ನೆಟ್ಟ ಪ್ರತಿಯೊಂದು ಗುಂಡಿಯೂ ನೀರು ನಿಲ್ಲುವ ಕಲ್ಲಿನ ಮರಿಗೆಯಾಗಿತ್ತು. ಗಜಾನಿಯಾ ಜುಲೈ ನೋಡಲಿಲ್ಲ.

ಒಣ ಹವೆಗೆ ಒಗ್ಗುವ ಗಿಡವೆಂದರೆ ಯಾವ ಊರಿನ ಒಣ ಹವೆ ಎಂದು ಕೇಳಬೇಕಿತ್ತು. ವಿಜಯಪುರದಲ್ಲಿ ವರ್ಷಕ್ಕೆ ಸುಮಾರು 600 ಮಿ.ಮೀ. ಮಳೆಯಾದರೆ ಕಾರವಾರದಲ್ಲಿ ಸುಮಾರು 3,000 ಮಿ.ಮೀ. ಬೀಳುತ್ತದೆ, ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಾಲ್ಕೇ ತಿಂಗಳಲ್ಲಿ ಬೀಳುತ್ತದೆ, ಆಮೇಲೆ ಡಿಸೆಂಬರ್‌ನಿಂದ ಮೇ ಮಧ್ಯದವರೆಗೆ ಹನಿ ಬಿದ್ದರೆ ಪುಣ್ಯ. ಅಡೇನಿಯಂ ಸಹರಾ ಮರುಭೂಮಿಯ ದಕ್ಷಿಣದ ಸೀಮೆ ಮತ್ತು ಅರೇಬಿಯಾದ ಗಿಡ. ಲ್ಯಾವೆಂಡರ್ ಮೆಡಿಟರೇನಿಯನ್ ತೀರದ್ದು, ಅದಕ್ಕೆ ಸುಣ್ಣದ ಅಂಶವಿರುವ ಮಣ್ಣು ಬೇಕು. ನಮ್ಮ ಚಿರೆಮಣ್ಣು ಹುಳಿ ಗುಣದ್ದು. ಇವು ಕೆಟ್ಟ ಗಿಡಗಳಲ್ಲ. ಅಡೇನಿಯಂ ಬೇಕೇ ಬೇಕೆಂದರೆ ತಳದಲ್ಲಿ ತೂತಿರುವ ಕುಂಡದಲ್ಲಿ ಮರಳು ಹೆಚ್ಚಿಗೆ ಬೆರೆಸಿ ನೆಟ್ಟು, ಮಳೆಗಾಲ ಪೂರ್ತಿ ಮಾಡಿನ ಕೆಳಗೆ ಇಟ್ಟು ನೀರು ಹಾಕುವುದನ್ನು ನಿಲ್ಲಿಸಬೇಕು.

ಇಲ್ಲಿಯವರೆಗಿನದು ಹಣದ ನಷ್ಟ. ಮಳೆ, ಉಪ್ಪು, ಬಿಸಿಲು ಎಲ್ಲವನ್ನೂ ತಾಳಿಕೊಂಡು ಉಳಿದದ್ದು ಕಣಗಿಲೆ ಮಾತ್ರ, ಮತ್ತು ನಾನು ಇದನ್ನು ಬರೆಯಲು ಕುಳಿತದ್ದು ಅದಕ್ಕಾಗಿಯೇ. ಡಿಸೆಂಬರ್‌ನಲ್ಲಿ ಅವುಗಳ ಕೊಂಬೆ ಸವರಿ, ಅಂಗಳದಲ್ಲಿ ಕೊಯ್ದ ಹುಲ್ಲಿನ ಜೊತೆಗೆ ಓಣಿಯ ಬದಿಗೆ ರಾಶಿ ಹಾಕಿದೆ. ದನ ಮುಟ್ಟುವುದಿಲ್ಲ ಎಂಬ ಮಾತು ತಲೆಯಲ್ಲಿತ್ತು. ಮೂರನೆಯ ದಿನ ಸಂಜೆ ಪಕ್ಕದ ಮನೆಯ ಒಂದೂವರೆ ವರ್ಷದ ಮಣಕ ಆ ರಾಶಿಗೆ ಬಾಯಿ ಹಾಕಿದ್ದನ್ನು ಕಂಡೂ ಓಡಿಸಲಿಲ್ಲ, ಹುಲ್ಲು ತಿನ್ನುತ್ತಿದೆ ಎಂದುಕೊಂಡೆ. ರಾತ್ರಿ ಅದು ಜೊಲ್ಲು ಸುರಿಸಿ, ಭೇದಿ ಮಾಡಿ, ಬೆಳಗಾಗುವ ಹೊತ್ತಿಗೆ ಕೊಟ್ಟಿಗೆಯಲ್ಲಿ ಕಾಲು ಚಾಚಿ ಸತ್ತು ಬಿದ್ದಿತ್ತು.

ಪಶುವೈದ್ಯರು ಬಂದು ರಾಶಿಯನ್ನು ಕೆದರಿ ನೋಡಿ, ಬಾಡಿದ ಎಲೆಯನ್ನು ಎತ್ತಿ ತೋರಿಸಿದರು. ಹಸಿ ಕಣಗಿಲೆ ಕಹಿಯಾದ್ದರಿಂದ ದನ ಸಾಮಾನ್ಯವಾಗಿ ಬಿಡುತ್ತದೆ. ಬಾಡಿ, ಹುಲ್ಲಿನಲ್ಲಿ ಬೆರೆತರೆ ಗೊತ್ತಾಗದೆ ತಿನ್ನುತ್ತದೆ. ಒಣಗಿದರೂ ವಿಷ ಇಳಿಯುವುದಿಲ್ಲ. ಅದು ನೇರವಾಗಿ ಹೃದಯದ ಬಡಿತವನ್ನು ಕೆಡಿಸುವ ವಿಷ, ದೊಡ್ಡ ದನಕ್ಕೂ ಹತ್ತಿಪ್ಪತ್ತು ಎಲೆ ಸಾಕು. ಪಕ್ಕದ ಮನೆಯಾಕೆ ಕಣ್ಣೊರೆಸಿಕೊಂಡು, ‘ಅಕ್ಕೋರೆ, ನೀವು ತಿಳಿದು ಮಾಡಿದ್ದಲ್ಲ, ಬಿಡಿ’ ಎಂದರು. ಮುಂದಿನ ವರ್ಷ ಕರು ಹಾಕಬೇಕಾಗಿದ್ದ ಮಣಕ ಅದು. ಬೆಲೆ ಕೊಟ್ಟೆ, ಅವರು ಬೇಡವೆಂದರೂ ಒತ್ತಾಯದಿಂದ ಕೊಟ್ಟೆ.

ಕಣಗಿಲೆ ನಮ್ಮಲ್ಲಿ ಹೊಸದಲ್ಲ, ಶಿವನ ಪೂಜೆಗೆ ಎಷ್ಟೋ ಮನೆಗಳ ಹಿತ್ತಲಲ್ಲಿ ಇದೆ. ಇರುವವರು ದಯವಿಟ್ಟು ಸವರಿದ ಒಂದು ಕಡ್ಡಿಯನ್ನೂ ಹೊರಗೆ ಎಸೆಯಬೇಡಿ, ಹೊಗೆಯೂ ವಿಷವಾದ್ದರಿಂದ ಸುಡಬೇಡಿ, ಆಳವಾಗಿ ಹೂಳಿರಿ. ದನ ತಿರುಗುವ ಓಣಿಯ ಪಕ್ಕ ಹೊಸದಾಗಿ ನೆಡಲೇಬೇಡಿ. ನನ್ನ ಮೂರನ್ನೂ ಬೇರು ಸಮೇತ ಅಗೆದು ಹೂಳಿದ್ದೇನೆ.

ಆ ಜಾಗದಲ್ಲಿ ಈಗ ಕೇಪಳವಿದೆ. ನಮ್ಮ ಗುಡ್ಡಗಳಲ್ಲಿ ತಾನಾಗಿ ಬೆಳೆಯುವ, ಮಕ್ಕಳು ಹಣ್ಣು ತಿನ್ನುವ ಈ ಗಿಡಕ್ಕೆ ಹುಳಿ ಮಣ್ಣೇ ಹಿತ. ಬಿಸಿಲಿನ ಮೂಲೆಯಲ್ಲಿ ಕಾಗದದ ಹೂವಿನ ಬಳ್ಳಿ, ಬಾವಿಕಟ್ಟೆಯ ಹತ್ತಿರ ಕೆಂಪು ದಾಸವಾಳ ನಿಂತಿವೆ. ಯಾವುದನ್ನೂ ಗುಂಡಿಯಲ್ಲಿ ನೆಡಲಿಲ್ಲ. ಒಂದೂವರೆ ಅಡಿ ಎತ್ತರದ ದಿಬ್ಬ ಮಾಡಿ, ಹೊಳೆಯ ಮರಳು ಬೆರೆಸಿ, ಮಳೆಯ ಅಬ್ಬರ ಇಳಿದ ಸೆಪ್ಟೆಂಬರ್‌ನಲ್ಲಿ ನೆಟ್ಟು, ಬೇಸಿಗೆಗೆ ಬುಡದಲ್ಲಿ ದಪ್ಪಗೆ ದರಕು ಹಾಸಿದೆ. ನೀರು ಸವಳಾದಾಗ ಎಲೆಯ ಮೇಲೆ ಬೀಳದಂತೆ ಬುಡಕ್ಕಷ್ಟೇ ಹಾಕುತ್ತೇನೆ.

ದನ ಕಣಗಿಲೆ ತಿಂದ ಸಂಶಯ ಬಂದರೂ ಸಾಕು, ಬೆಳಗಿನವರೆಗೆ ಕಾಯದೆ ಪಶುವೈದ್ಯರಿಗೆ ಫೋನ್ ಮಾಡಿ, ತಿಂದದ್ದು ಕಣಗಿಲೆ ಎಂದು ಮೊದಲ ಮಾತಿನಲ್ಲೇ ಹೇಳಿ, ಒಂದೆರಡು ಎಲೆಯನ್ನು ತೆಗೆದಿಟ್ಟು ತೋರಿಸಿ. ಆ ರಾತ್ರಿ ನಾವು ಅಜೀರ್ಣವಿರಬೇಕೆಂದು ಓಮಿನ ನೀರು ಕುಡಿಸುತ್ತ ಕುಳಿತಿದ್ದೆವು.