ಆಷಾಢದ ಅಗ್ಗದ ಕ್ಯಾರವಾನ್: ಘಾಟಿ ಇಳಿಸುವ ಮುಂಚೆ ಇಷ್ಟು ನೋಡಿಕೊಳ್ಳಿ

ಆಷಾಢದಲ್ಲಿ ಮದುವೆ ಇಲ್ಲ, ಟಿಟಿಗಳಿಗೆ (ಟೆಂಪೊ ಟ್ರಾವೆಲರ್) ಬಾಡಿಗೆ ಇಲ್ಲ. ಮೈಸೂರಿನ ಶೆಡ್ಡುಗಳಲ್ಲಿ ನಿಂತ ಕ್ಯಾರವಾನ್‌ಗಳ, ಅಂದರೆ ಮಲಗಲು, ಅಡುಗೆ ಮಾಡಲು ಅನುಕೂಲವಿರುವ ಗಾಡಿಗಳ, ದರವೂ ಆಗಲೇ ಇಳಿಯುತ್ತದೆ. ಮಳೆಗಾಲದ ಕಡಲು ನೋಡುವ ಆಸೆ ಇರುವವರು ತಕ್ಷಣ ಅಡ್ವಾನ್ಸ್ ಕೊಟ್ಟುಬಿಡುತ್ತಾರೆ. ದರ ಯಾಕೆ ಇಳಿದಿದೆಯೋ ಗಾಡಿ ಕೆಡುವುದೂ ಅದೇ ಕಾರಣಕ್ಕೆ: ಅದು ವಾರಗಟ್ಟಲೆ ನಿಂತಲ್ಲೇ ನಿಂತಿದೆ. ಓಡುವ ಗಾಡಿಗಿಂತ ನಿಂತ ಗಾಡಿಗೆ ರೋಗ ಜಾಸ್ತಿ.

ಕಳೆದ ಮಳೆಗಾಲದಲ್ಲಿ ನಾವು ಬಾಡಿಗೆಗೆ ತೆಗೆದುಕೊಂಡದ್ದು ಟೆಂಪೊ ಟ್ರಾವೆಲರ್ ಚಾಸಿಯ ಮೇಲೆ ಕಟ್ಟಿದ, ನಾಲ್ಕು ಜನ ಮಲಗುವ ಗಾಡಿ. ಹುಣಸೂರು, ಕುಶಾಲನಗರ, ಮಡಿಕೇರಿ, ಸಂಪಾಜೆ, ಮಾಣಿ ದಾಟಿ 66ರ ಹೆದ್ದಾರಿ ಹಿಡಿದು ಮರವಂತೆ, ಬೈಂದೂರಿನ ಒತ್ತಿನೆಣೆಯವರೆಗೆ ಹೋಗುವ ಯೋಜನೆ. ಮಡಿಕೇರಿಯಿಂದ ಅರ್ಧ ಘಾಟಿ ಇಳಿಯುವಷ್ಟರಲ್ಲಿ ಬ್ರೇಕ್ ಪೆಡಲ್ ಸ್ಪಂಜಿನಂತಾಯಿತು. ಮರವಂತೆಯಲ್ಲಿ ಮೊದಲ ರಾತ್ರಿಯೇ ಬ್ಯಾಟರಿ ಸತ್ತಿತು. ಫೋನ್ ಮಾಡಿದರೆ ಮಾಲೀಕರ ಉತ್ತರ, "ಘಾಟಿ ಇಳಿಸೋಕೆ ಬರಲ್ಲ ಅಂದ್ರೆ ನಾವೇನ್ ಮಾಡೋಣ ಸಾರ್?"

ಇಳಿಸುವುದರಲ್ಲೂ ತಪ್ಪಾಗುತ್ತದೆ, ನಿಜ. ಆದರೆ ಇಲ್ಲಿ ರೋಗ ಮೈಸೂರಿನಿಂದಲೇ ಜೊತೆಗೆ ಬಂದಿತ್ತು. ಹ್ಯಾಂಡ್‌ಬ್ರೇಕ್ ಎಳೆದೇ ತೇವದಲ್ಲಿ ವಾರಗಟ್ಟಲೆ ನಿಲ್ಲಿಸಿದರೆ ಹಿಂದಿನ ಬ್ರೇಕ್ ಡ್ರಮ್ಮಿಗೆ, ಅದನ್ನು ಒತ್ತಿ ಹಿಡಿಯುವ ಲೈನಿಂಗ್ ಕಚ್ಚಿಕೊಳ್ಳುತ್ತದೆ, ಮುಂದಿನ ಬ್ರೇಕಿನ ಪ್ಯಾಡ್ ಒತ್ತುವ ಕ್ಯಾಲಿಪರ್ ಪಿನ್ನುಗಳಿಗೆ ತುಕ್ಕು ಹಿಡಿಯುತ್ತದೆ. ಗಾಡಿ ಓಡುತ್ತದೆ, ಆದರೆ ಒಂದು ಚಕ್ರ ಸದಾ ಅರೆಬ್ರೇಕಿನಲ್ಲೇ ಉರುಳುತ್ತಿರುತ್ತದೆ. ಬಯಲು ರಸ್ತೆಯಲ್ಲಿ ಇದು ಗೊತ್ತೇ ಆಗುವುದಿಲ್ಲ. ಪತ್ತೆ ಹಚ್ಚುವುದು ಮಾತ್ರ ಸುಲಭ. ಕುಶಾಲನಗರದಲ್ಲಿ ಕಾಫಿಗೆ ನಿಲ್ಲಿಸಿದಾಗ ನಾಲ್ಕೂ ಚಕ್ರಗಳ ಹತ್ತಿರ, ಮುಟ್ಟದೆ, ಅಂಗೈ ಹಿಂಭಾಗ ಹಿಡಿದು ನೋಡಿ. ಒಂದರಿಂದ ಮಾತ್ರ ಜಾಸ್ತಿ ಕಾವು ಬಂದರೆ ಅಥವಾ ಸುಟ್ಟ ವಾಸನೆ ಹೊಡೆದರೆ ಮುಂದೆ ಹೋಗಬೇಡಿ. ಕುಶಾಲನಗರದಲ್ಲಿ ಮೆಕ್ಯಾನಿಕ್ ಸಿಗುತ್ತಾರೆ, ಘಾಟಿಯೊಳಗಿನ ಜೋಡುಪಾಲದ ತಿರುವಿನಲ್ಲಿ ಸಿಗುವುದಿಲ್ಲ.

ಲೆಕ್ಕ ಹಾಕಿದರೆ ಘಾಟಿಯ ಕಷ್ಟ ಅರ್ಥವಾಗುತ್ತದೆ. ಮಡಿಕೇರಿಯಿಂದ ಸಂಪಾಜೆಗೆ ಇಳಿತ ಸಾವಿರ ಮೀಟರಿನ ಆಸುಪಾಸು. ನಾಲ್ಕು ಟನ್ ಗಾಡಿ ಅಷ್ಟು ಇಳಿದರೆ ಸುಮಾರು 11 ಯೂನಿಟ್ ಕರೆಂಟಿನಷ್ಟು ಶಕ್ತಿಯನ್ನು ಎಲ್ಲಾದರೂ ಕಳೆಯಲೇಬೇಕು. ಎಂಜಿನ್ ಹಿಡಿದಷ್ಟು ಹಿಡಿಯುತ್ತದೆ, ಮಿಕ್ಕಿದ್ದೆಲ್ಲ ಬ್ರೇಕಿನಲ್ಲಿ ಬಿಸಿಯಾಗುತ್ತದೆ. ಬ್ರೇಕ್ ಆಯಿಲ್ ಗಾಳಿಯ ತೇವ ಹೀರುವ ಜಾತಿಯದು. ಹೊಸ ಡಾಟ್ 3 ದರ್ಜೆಯ ಆಯಿಲ್ 205 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದು, ತೇವ ಹೀರಿದರೆ ಆ ಮಿತಿ 140ಕ್ಕೆ ಬೀಳುತ್ತದೆ. ಡಾಟ್ 4ಕ್ಕೆ ಇದೇ ಅಂಕಿ 230 ಮತ್ತು 155. ಕುದಿದ ಆಯಿಲ್‌ನಲ್ಲಿ ಆವಿಗುಳ್ಳೆ ಏಳುತ್ತದೆ, ಒತ್ತಿದ ಒತ್ತಡವೆಲ್ಲ ಗುಳ್ಳೆ ಕುಗ್ಗಿಸಲು ಹೋಗುತ್ತದೆ, ಪೆಡಲ್ ನೆಲ ಮುಟ್ಟುತ್ತದೆ. ಎರಡು ವರ್ಷದೊಳಗೆ ಬ್ರೇಕ್ ಆಯಿಲ್ ಬದಲಿಸಿದ ಬಿಲ್ ತೋರಿಸಿ ಎಂದು ಕೇಳಿ. ಬಿಲ್ ಇಲ್ಲ, ಡಬ್ಬಿಯಲ್ಲಿ ಆಯಿಲ್ ಕಾಫಿ ಡಿಕಾಕ್ಷನ್ನಿನ ಬಣ್ಣಕ್ಕೆ ತಿರುಗಿದೆ ಎಂದಾದರೆ ಆ ಗಾಡಿ ಬೇಡ.

ಇಳಿಯುವಾಗ ಹಳೇ ಲಾರಿ ಡ್ರೈವರ್‌ಗಳ ಲೆಕ್ಕವೇ ಸರಿ: ಹತ್ತುವ ಗೇರಿನಲ್ಲೇ ಇಳಿಸುವುದು, ಅಂದರೆ ಎರಡು ಅಥವಾ ಮೂರು. ಪೆಡಲ್ ಮೇಲೆ ಕಾಲಿಟ್ಟುಕೊಂಡೇ ಇರಬೇಡಿ. ವೇಗ 40ಕ್ಕೆ ಬಂದಾಗ ಗಟ್ಟಿಯಾಗಿ ಒತ್ತಿ 25ಕ್ಕೆ ಇಳಿಸಿ, ಪೂರ್ತಿ ಬಿಡಿ. ಬಿಟ್ಟ ಹೊತ್ತಿನಲ್ಲೇ ಬ್ರೇಕ್ ತಣಿಯುವುದು. ಡೀಸೆಲ್ ಉಳಿಸಲೆಂದು ನ್ಯೂಟ್ರಲ್ ಹಾಕುವುದು, ಎಂಜಿನ್ ಆಫ್ ಮಾಡುವುದು ಆತ್ಮಹತ್ಯೆಗೆ ಸಮ. ಎಂಜಿನ್ ನಿಂತರೆ ಎರಡು ಮೂರು ಸಲ ಒತ್ತುವಷ್ಟರಲ್ಲಿ ಪೆಡಲ್ ಹಗುರ ಮಾಡುವ ಬೂಸ್ಟರಿನ ವ್ಯಾಕ್ಯೂಮ್ ಖಾಲಿ, ಪೆಡಲ್ ಕಲ್ಲು. ಇಳಿಯುವಾಗ ಪೆಡಲ್ ಸ್ಪಂಜಾದರೆ ಬೇಗ ಬೇಗ ಪಂಪ್ ಮಾಡಿ, ಒಂದೊಂದೇ ಗೇರ್ ಇಳಿಸಿ, ಹ್ಯಾಂಡ್‌ಬ್ರೇಕನ್ನು ಸ್ವಲ್ಪ ಸ್ವಲ್ಪವೇ ಎಳೆಯುತ್ತ ಗುಡ್ಡದ ಬದಿಗೆ ತನ್ನಿ. ನಿಂತ ಮೇಲೆ ಗೇರಿನಲ್ಲಿಟ್ಟು ಚಕ್ರಕ್ಕೆ ಕಲ್ಲು ಕೊಡಿ, ಮುಕ್ಕಾಲು ಗಂಟೆ ಕಾಯಿರಿ. ಕಾದ ಡ್ರಮ್ಮಿಗೆ ನೀರು ಹುಯ್ಯಬೇಡಿ, ಬಿರುಕು ಬಿಡುತ್ತದೆ. ಹೊರಡುವಾಗ ಆ ಕಲ್ಲನ್ನು ಚರಂಡಿ ಪಕ್ಕಕ್ಕೆ ಹಾಕಿ. ರಸ್ತೆ ಮಧ್ಯೆ ಬಿಟ್ಟು ಹೋಗುವ ನಮ್ಮ ಜನರ ಅಭ್ಯಾಸಕ್ಕೆ ಎಷ್ಟು ಬೈಕಿನವರು ಬಿದ್ದಿದ್ದಾರೋ.

ಇನ್ನು ತೂಕ. ಟಿಟಿಗೆ ಮಂಚ, ಅಡುಗೆ ಕಟ್ಟೆ, ಟಾಯ್ಲೆಟ್, ಚಾವಣಿ ಮೇಲೆ ಎಸಿ ಎಲ್ಲ ಸೇರಿಸಿದವರು ಆಮೇಲೆ ತೂಗಿ ನೋಡುವುದು ಅಪರೂಪ. ಆರ್‌ಸಿಯಲ್ಲಿ ಒಟ್ಟು ತೂಕದ ಮಿತಿ ಬರೆದಿರುತ್ತದೆ. ಕಬ್ಬಿನ ಸೀಮೆಯಲ್ಲಿ ವೇಬ್ರಿಡ್ಜಿಗೆ (ಲಾರಿ ತೂಗುವ ಕಟ್ಟೆ) ಬರವಿಲ್ಲ. ಜನ, ಸಾಮಾನು, ನೀರು ಸಮೇತ ಒಮ್ಮೆ ಇಡೀ ಗಾಡಿ, ಇನ್ನೊಮ್ಮೆ ಹಿಂದಿನ ಚಕ್ರಗಳನ್ನು ಮಾತ್ರ ಹತ್ತಿಸಿ ತೂಗಿಸಿ. ನೂರು ಲೀಟರ್ ನೀರೆಂದರೆ ನೂರು ಕೆಜಿ. ಟ್ಯಾಂಕ್ ಹಿಂದಿನ ಆಕ್ಸಲ್‌ಗಿಂತ ಹಿಂದಿದ್ದರೆ ಮುಂಭಾಗ ಹಗುರಾಗಿ, ಒದ್ದೆ ತಿರುವಿನಲ್ಲಿ ಸ್ಟಿಯರಿಂಗ್ ತೇಲಿದಂತಾಗುತ್ತದೆ. ಹತ್ತಿಪ್ಪತ್ತು ಲೀಟರ್ ಇಟ್ಟುಕೊಂಡು ಘಾಟಿ ಇಳಿಯಿರಿ, ಪುತ್ತೂರಿನಲ್ಲಿ ತುಂಬಿಸಿಕೊಳ್ಳಿ. ಮಳೆಗಾಲದಲ್ಲಿ ದಕ್ಷಿಣ ಕನ್ನಡದಲ್ಲಿ ನೀರಿಗೇನು ಬರ?

ಟೈರಿನ ಗೆರೆ ನೋಡಿ ಮೋಸಹೋಗಬೇಡಿ. ಪಕ್ಕದಲ್ಲಿ ಅಚ್ಚಾದ ನಾಲ್ಕು ಅಂಕಿ ಓದಿ: 2318 ಎಂದರೆ 2018ರ 23ನೇ ವಾರ. ಆರು ವರ್ಷ ದಾಟಿದ್ದರೆ, ಗೆರೆ ಹೊಸದರಂತಿದ್ದರೂ ರಬ್ಬರ್ ಗಟ್ಟಿಯಾಗಿರುತ್ತದೆ. ಸ್ಟೆಪ್ನಿಯನ್ನೂ ಓದಿ.

ಇನ್ನು "ರಾತ್ರಿಯಿಡೀ ಎಸಿ ಓಡುತ್ತೆ" ಎಂದು ಮಾಲೀಕರು ಹೇಳಿದ್ದ ಮಾತು. ಒಳಗೆ ಇದ್ದದ್ದು ಒಂದೇ ಒಂದು 12 ವೋಲ್ಟ್, 200 ಎಎಚ್ (ಆಂಪಿಯರ್-ಅವರ್) ಟ್ಯೂಬುಲರ್ ಬ್ಯಾಟರಿ. ಹೊಸದರಲ್ಲೇ ಅದರ ಶಕ್ತಿ 2,400 ವ್ಯಾಟ್-ಅವರ್, ಬ್ಯಾಟರಿ ಕೆಡದಂತೆ ಬಳಸಬಹುದಾದದ್ದು ಅದರ ಅರ್ಧ. ಒಂದು ಟನ್ ಎಸಿ ಇನ್ವರ್ಟರ್ ನಷ್ಟವೂ ಸೇರಿ ಸಾವಿರದ ಮೇಲೆ ವ್ಯಾಟ್ ಎಳೆದರೆ ಒಂದು ಗಂಟೆಯ ಕಥೆ. ನಿಂತು ನಿಂತು ಬ್ಯಾಟರಿಯ ಪ್ಲೇಟುಗಳಿಗೆ ಸಲ್ಫೇಟ್ ಕಟ್ಟಿದ್ದರೆ ಅದೂ ಇಲ್ಲ. ಮೋಡದಲ್ಲಿ ಸೋಲಾರ್ ಪ್ಯಾನಲ್ ಬರೀ ಅಲಂಕಾರ. ಶೆಡ್ಡಿನಲ್ಲೇ ಎಂಜಿನ್ ಆಫ್ ಮಾಡಿಸಿ, ಪ್ಲಗ್ ಕೀಳಿಸಿ, ಇಪ್ಪತ್ತು ನಿಮಿಷ ಎಸಿ ಓಡಿಸಿ ನೋಡಿ. ಅಷ್ಟಕ್ಕೇ ಇನ್ವರ್ಟರ್ ಕೂಗಿಕೊಂಡರೆ ಉತ್ತರ ಸಿಕ್ಕಿತು.

ಬ್ಯಾಟರಿ ಸತ್ತಾಗ ಜನ ಜನರೇಟರ್ ಹಾಕಿಕೊಳ್ಳುತ್ತಾರೆ, ಮಳೆ ಎಂದು ಕಿಟಕಿ ಮುಚ್ಚುತ್ತಾರೆ. ಪ್ರಾಣ ಹೋಗುವುದು ಇಲ್ಲೇ. 2024ರ ಡಿಸೆಂಬರ್‌ನಲ್ಲಿ ಕೇರಳದ ವಡಕರದಲ್ಲಿ ನಿಲ್ಲಿಸಿದ್ದ ಕ್ಯಾರವಾನ್ ಒಳಗೆ ಜನರೇಟರಿನ ಕಾರ್ಬನ್ ಮೋನಾಕ್ಸೈಡ್ ಸೇರಿ ಇಬ್ಬರು ಸತ್ತರು. ಅದಕ್ಕೆ ವಾಸನೆ ಇಲ್ಲ, ಬಣ್ಣ ಇಲ್ಲ. ಮಲಗುವಾಗ ಜನರೇಟರ್ ಬೇಡವೇ ಬೇಡ, ಸ್ಟವ್ ಉರಿಯುವಾಗ ಒಂದು ಕಿಟಕಿ ತೆರೆದೇ ಇರಲಿ. ಅಡುಗೆ ಗ್ಯಾಸ್ ಗಾಳಿಗಿಂತ ಭಾರ, ಸೋರಿದರೆ ನೆಲದಲ್ಲಿ ಕೂರುತ್ತದೆ. ಸಿಲಿಂಡರ್ ಗೂಡಿನ ತಳದಲ್ಲಿ ಹೊರಕ್ಕೆ ತೆರೆದ ತೂತು ಇರಲೇಬೇಕು. ನಮ್ಮ ಗಾಡಿಯಲ್ಲಿ ಜಿರಲೆ ಬರುತ್ತದೆಂದು ಅದಕ್ಕೆ ಟೇಪ್ ಅಂಟಿಸಿದ್ದರು.

ದಾರಿಯ ಸುದ್ದಿ ಹೊರಡುವ ದಿನ ಬೆಳಗ್ಗೆಯೇ ಕೇಳಿ. 2018ರ ಆಗಸ್ಟ್‌ನಲ್ಲಿ ಮದೆನಾಡು, ಜೋಡುಪಾಲದಲ್ಲಿ ಗುಡ್ಡ ಜರಿದು ಈ ಹೆದ್ದಾರಿಯೇ ಮುಚ್ಚಿತ್ತು. ಕರಾವಳಿಯಲ್ಲಿ ನಿಲ್ಲಿಸುವ ಜಾಗ ಇನ್ನೂ ಮುಖ್ಯ. 2024ರ ಜುಲೈ 16ರಂದು ಅಂಕೋಲಾದ ಶಿರೂರಿನಲ್ಲಿ, 66ರ ಹೆದ್ದಾರಿಯ ಮೇಲೆ ಗುಡ್ಡ ಕುಸಿದು, ಅಲ್ಲಿದ್ದ ಚಹಾದಂಗಡಿ, ವಾಹನಗಳು ಗಂಗಾವಳಿ ಪಾಲಾದವು. ಬ್ರೇಕ್ ಕೈಕೊಟ್ಟ ಹೊತ್ತು ಬಿಟ್ಟರೆ, ಕಡಿದ ಗುಡ್ಡದ ಬುಡದಲ್ಲಿ ಹತ್ತು ನಿಮಿಷವೂ ನಿಲ್ಲಿಸಬೇಡಿ, ನೋಟ ಎಷ್ಟೇ ಚೆನ್ನಾಗಿರಲಿ. ಮರಳಿಗೂ ಇಳಿಸಬೇಡಿ, ಈ ತೂಕಕ್ಕೆ ಹಿಂದಿನ ಚಕ್ರ ಹೂತರೆ ಕ್ರೇನ್ ಬೇಕು. ಪೆಟ್ರೋಲ್ ಬಂಕ್ ಅಥವಾ ಲಾಡ್ಜಿನ ಅಂಗಳದಲ್ಲಿ ಕೇಳಿಕೊಂಡು ನಿಲ್ಲಿಸಿ. ಮೀನಿನ ಆಸೆಗೆ ಹೋಗುವವರಿಗೆ ಇನ್ನೊಂದು ಮಾತು: ಜೂನ್, ಜುಲೈ ಎರಡು ತಿಂಗಳು ಯಾಂತ್ರೀಕೃತ ದೋಣಿಗಳು ಕಡಲಿಗಿಳಿಯುವಂತಿಲ್ಲ.

ಕೊನೆಯದಾಗಿ ಕಾಗದಪತ್ರ. ಬಿಳಿ ಬೋರ್ಡಿನ ಖಾಸಗಿ ಗಾಡಿಯನ್ನು ಬಾಡಿಗೆಗೆ ಕೊಡುತ್ತಿದ್ದರೆ ಬಿಟ್ಟುಬಿಡಿ, ಅಪಘಾತವಾದರೆ ವಿಮೆಯವರು ಕೈಯೆತ್ತುತ್ತಾರೆ. ಎಫ್‌ಸಿ, ವಿಮೆಯ ದಿನಾಂಕಗಳನ್ನು ಮೂಲ ಪ್ರತಿಯಲ್ಲೇ ನೋಡಿ. ಗಾಡಿ ತೆಗೆದುಕೊಳ್ಳುವಾಗ ಬ್ರೇಕ್ ಆಯಿಲ್ ಡಬ್ಬಿ, ನಾಲ್ಕೂ ಟೈರಿನ ಅಂಕಿ, ಚಕ್ರದ ಸಂದಿನಿಂದ ಕಾಣುವ ಪ್ಯಾಡಿನ ದಪ್ಪ, ಎಲ್ಲದರ ಫೋಟೊ ಮಾಲೀಕರ ಎದುರಿಗೇ ತೆಗೆದು ಅವರ ವಾಟ್ಸಾಪಿಗೇ ಕಳಿಸಿ. ನಮ್ಮಲ್ಲಿ ಅದಿರಲಿಲ್ಲ. ಹಾಗಾಗಿ ಸವೆದ ಲೈನಿಂಗ್, ಸತ್ತ ಬ್ಯಾಟರಿ ಎರಡನ್ನೂ "ಕಸ್ಟಮರ್ ಡ್ಯಾಮೇಜ್" ಎಂದು ಬರೆದು ಡಿಪಾಸಿಟ್ಟಿನಲ್ಲಿ ಮುರಿದುಕೊಂಡರು.