ಫಾರ್ಮ್ಯಾಟ್ ಮಾಡಿ ಕೊಟ್ಟ ಹಳೆ ಲ್ಯಾಪ್‌ಟಾಪ್ ಕೊಳ್ಳುವ ಮುಂಚೆ ಇದನ್ನು ಓದಿ

ಸೆಕೆಂಡ್ ಹ್ಯಾಂಡ್ ಲ್ಯಾಪ್‌ಟಾಪ್ ನೋಡುತ್ತಿರುವವರು ದಯವಿಟ್ಟು ಪೂರ್ತಿ ಓದಿ. "ಎಲ್ಲಾ ಅಳಿಸಿದ್ದೀನಿ, ಕ್ಲೀನಾಗಿದೆ, ಓಎಸ್ ಹಾಕಿಕೊಂಡರೆ ಆಯ್ತು" ಅಂತ ಯಾರಾದರೂ ಹೇಳಿದರೆ ದುಡ್ಡು ಕೊಡಬೇಡಿ. ಓಎಸ್ (ಯಂತ್ರವನ್ನು ನಡೆಸುವ ಮೂಲ ಸಾಫ್ಟ್‌ವೇರ್) ಇಲ್ಲದ ಲ್ಯಾಪ್‌ಟಾಪ್‌ನಲ್ಲಿ ಏನು ಕೆಟ್ಟಿದೆ, ಏನು ಸರಿ ಇದೆ ಅಂತ ಪೂರ್ತಿಯಾಗಿ ನೋಡುವುದಕ್ಕೆ ಆಗುವುದಿಲ್ಲ. ನಮಗೆ ಆಗಿದ್ದೂ ಇದೇ.

ತಂಗಿಯ ಓದಿಗೆ ಅಂತ ಆಪಲ್ ಕಂಪನಿಯ ಲ್ಯಾಪ್‌ಟಾಪ್, 2012ರ ಮ್ಯಾಕ್‌ಬುಕ್ ಪ್ರೊ ಒಂದನ್ನು ತರಿಸಿದೆವು. ಓಎಸ್ ಹಾಕಿಯೇ ಕಳಿಸುತ್ತೇನೆ ಅಂತ ಮಾರಿದವರು ಮಾತು ಕೊಟ್ಟಿದ್ದರು. ಆನ್ ಮಾಡಿದರೆ ಬೂದು ಸ್ಕ್ರೀನ್, ಮಧ್ಯದಲ್ಲಿ ಒಂದು ಫೋಲ್ಡರ್, ಅದರೊಳಗೆ ಮಿನುಗುವ ಪ್ರಶ್ನೆ ಚಿಹ್ನೆ. ಸ್ಟಾರ್ಟ್ ಆಗಲು ಬೇಕಾದ ಸಿಸ್ಟಮ್ ಯಾವ ಡಿಸ್ಕ್‌ನಲ್ಲೂ ಸಿಗುತ್ತಿಲ್ಲ ಅಂತ ಅದರ ಅರ್ಥ. ಫೋನ್ ಮಾಡಿದರೆ, "ಡೇಟಾ ಉಳಿಯಬಾರದು ಅಂತ ಪೂರ್ತಿ ಒರೆಸಿದೆ, ಇಂಟರ್ನೆಟ್‌ನಿಂದ ತಾನೇ ಇನ್‌ಸ್ಟಾಲ್ ಆಗುತ್ತೆ" ಅಂದರು. ಆಮೇಲೆ ಫೋನ್ ಎತ್ತಲೇ ಇಲ್ಲ.

ಇಂಟರ್ನೆಟ್ ರಿಕವರಿ ಅನ್ನುವ ಸೌಲಭ್ಯ ಇರುವುದು ನಿಜ. ಕಮಾಂಡ್ ಮತ್ತು ಆರ್ ಕೀ ಒತ್ತಿ ಹಿಡಿದು ಆನ್ ಮಾಡಿದರೆ, ಡಿಸ್ಕ್‌ನಲ್ಲಿ ರಿಕವರಿ ಭಾಗವೂ ಅಳಿಸಿ ಹೋಗಿದ್ದಾಗ, ತಿರುಗುವ ಭೂಗೋಳದ ಚಿತ್ರ ಬಂದು ನೆಟ್‌ನಿಂದ ಇಳಿಸಿಕೊಳ್ಳಲು ಶುರು ಮಾಡುತ್ತದೆ. ಅಲ್ಲಿವರೆಗೂ ಎಲ್ಲಾ ಚೆನ್ನಾಗಿತ್ತು. ಇನ್‌ಸ್ಟಾಲ್ ಒತ್ತಿದ ಮೇಲೆ ತೊಂದರೆ ಶುರುವಾಯಿತು. ನೆಟ್ ಚೆನ್ನಾಗಿದ್ದರೂ ಸರ್ವರ್ ಸಿಗುತ್ತಿಲ್ಲ ಅನ್ನುವ ಥರದ ಮೆಸೇಜ್. ಕಾರಣ ಗಡಿಯಾರ. ಬ್ಯಾಟರಿ ಪೂರ್ತಿ ಇಳಿದು ಬಹಳ ಕಾಲ ಬಿದ್ದಿದ್ದ ಮ್ಯಾಕ್‌ನಲ್ಲಿ ತಾರೀಖು 2001ರ ಜನವರಿ 1ಕ್ಕೆ ಹೋಗಿ ಕೂತಿರುತ್ತದೆ, ತಾರೀಖು ತಪ್ಪಿದ್ದರೆ ಸರ್ವರ್‌ನ ಸೆಕ್ಯೂರಿಟಿ ಸರ್ಟಿಫಿಕೇಟ್ (ಅದು ಅಸಲಿ ಅಂತ ತೋರಿಸುವ, ಅವಧಿ ಇರುವ ಡಿಜಿಟಲ್ ಗುರುತು) ಹೊಂದುವುದಿಲ್ಲ. ರಿಕವರಿಯ ಯುಟಿಲಿಟೀಸ್ ಮೆನುವಿನಲ್ಲಿ ಟರ್ಮಿನಲ್ ಇದೆ, ಆದೇಶಗಳನ್ನು ಟೈಪ್ ಮಾಡುವ ಕಿಟಕಿ ಅದು. ಅದರಲ್ಲಿ ಡೇಟ್ (date) ಅಂತ ಟೈಪ್ ಮಾಡಿದರೆ ಯಂತ್ರ ಯಾವ ಕಾಲದಲ್ಲಿದೆ ಅಂತ ತೋರಿಸುತ್ತದೆ. ಅದೇ ಪದದ ಮುಂದೆ ಒಂದು ಜಾಗ ಬಿಟ್ಟು ತಿಂಗಳು, ದಿನ, ಗಂಟೆ, ನಿಮಿಷ, ವರ್ಷ, ಇಷ್ಟನ್ನೂ ಎರಡೆರಡು ಅಂಕಿಯಲ್ಲಿ ಸಾಲಾಗಿ ಕೊಟ್ಟು ಎಂಟರ್ ಒತ್ತಿದರೆ ತಾರೀಖು ಸರಿಹೋಗುತ್ತದೆ.

ಅದು ಸರಿಹೋದ ಮೇಲೆ ಇನ್ನೊಂದು. ಈ ಮಾಡೆಲ್ ಜೊತೆ ಮೊದಲು ಬಂದಿದ್ದು ಲಯನ್ ಅನ್ನುವ ಹಳೆ ಓಎಸ್, ರಿಕವರಿಯೂ ಅದನ್ನೇ ಹಾಕಲು ಹೊರಟಿತು. ಆಪಲ್ ಐಡಿ (ಆಪಲ್ ಖಾತೆ) ಕೇಳಿತು. ತಂಗಿ ತನ್ನ ಐಡಿ ಕೊಟ್ಟಳು. "ಇದು ಸದ್ಯಕ್ಕೆ ಲಭ್ಯವಿಲ್ಲ, ನಂತರ ಪ್ರಯತ್ನಿಸಿ" ಅಂತ ಬಂತು. ಇದನ್ನು ನಂಬಿ ಕಾಯಬೇಡಿ! ಆ ಹಳೆ ಓಎಸ್ ಹಿಂದೆ ಯಾವ ಐಡಿಯಲ್ಲಿ ಪಡೆದಿದ್ದರೋ ಅದೇ ಐಡಿ ಬೇಕು ಅಂತ ಅದರ ಅರ್ಥ, ನಾಳೆ ಮಾಡಿದರೂ ಮುಂದಿನ ವಾರ ಮಾಡಿದರೂ ಅದೇ ಉತ್ತರ. ಪಾಪ, ಅವಳು ರಾತ್ರಿಯೆಲ್ಲಾ ಮತ್ತೆ ಮತ್ತೆ ಮಾಡಿ ನೋಡಿದಳು. ಇಷ್ಟು ಸುಳ್ಳು ಭರವಸೆ ಕೊಡುವ ಮೆಸೇಜ್ ಇನ್ನೊಂದಿಲ್ಲ.

ಗೆಳೆಯನೊಬ್ಬ ಯಾವಾಗಲೋ ಇಳಿಸಿಟ್ಟಿದ್ದ ಎಲ್ ಕ್ಯಾಪಿಟನ್ ಅನ್ನುವ ಓಎಸ್‌ನ ಪೆನ್‌ಡ್ರೈವ್ ತಂದುಕೊಟ್ಟ. ಅದು "ಇನ್‌ಸ್ಟಾಲರ್ ಹಾಳಾಗಿದೆ" ಅಂದಿತು. ಫೈಲ್ ಹಾಳಾಗಿರಲಿಲ್ಲ. ಹಳೆ ಇನ್‌ಸ್ಟಾಲರ್‌ಗಳಲ್ಲಿದ್ದ ಆಪಲ್‌ನ ಸರ್ಟಿಫಿಕೇಟ್ ಅವಧಿ 2019ರ ಅಕ್ಟೋಬರ್ 24ಕ್ಕೇ ಮುಗಿದಿದೆ. ಅದಕ್ಕೆ ಮುಂಚೆ ಇಳಿಸಿಟ್ಟಿದ್ದು ನಿಮ್ಮ ಹತ್ತಿರ ಇದ್ದರೆ ಅದರ ಹಿಂದೆ ಬೀಳಬೇಡಿ, ಆಪಲ್‌ನಿಂದಲೇ ಹೊಸದಾಗಿ ಇಳಿಸಿಕೊಳ್ಳಿ, ದುಡ್ಡು ಕೇಳುವುದಿಲ್ಲ.

ಇದೇ ಹೊತ್ತಿಗೆ ಒಬ್ಬರು "ರೆಡಿ ಇರುವ ಪೆನ್‌ಡ್ರೈವ್ ಕಳಿಸ್ತೀನಿ, ಎಲ್ಲಾ ಸಾಫ್ಟ್‌ವೇರ್ ಒಳಗೇ ಇರುತ್ತೆ" ಅಂತ ದುಡ್ಡು ಕೇಳಿದರು. ಬೇಡ ಅಂದೆವು. ನೀವೂ ಬೇಡ ಅನ್ನಿ. ಯಾರೋ ತಿದ್ದಿ ಕೊಟ್ಟ ಓಎಸ್ ಮೇಲೆ ಬ್ಯಾಂಕಿನ ಪಾಸ್‌ವರ್ಡ್ ಟೈಪ್ ಮಾಡುವುದು ಅಂದರೆ ಕಳ್ಳನ ಕೈಗೇ ಬೀಗದ ಕೈ ಕೊಟ್ಟ ಹಾಗೆ.

ಕೊನೆಗೆ ಇನ್ನೊಂದು ಮ್ಯಾಕ್‌ನಲ್ಲಿ ಕ್ಯಾಟಲಿನಾ ಅನ್ನುವ ಓಎಸ್ ಇಳಿಸಿ, 16 ಜಿಬಿ ಪೆನ್‌ಡ್ರೈವ್‌ಗೆ ಹಾಕಿ, ಆಪ್ಷನ್ ಕೀ ಹಿಡಿದು ಅದರಿಂದ ಸ್ಟಾರ್ಟ್ ಮಾಡಿದೆವು. ಡಿಸ್ಕ್ ಯುಟಿಲಿಟಿಯಲ್ಲಿ ಎಲ್ಲಾ ಡಿವೈಸ್ ತೋರಿಸು ಅಂತ ಆರಿಸಿ, ಒಳಗಿನ ಭಾಗವನ್ನಲ್ಲ, ಎಲ್ಲಕ್ಕಿಂತ ಮೇಲೆ ಕಾಣುವ ಡಿಸ್ಕನ್ನೇ ಅಳಿಸಬೇಕು. ಸ್ಕೀಮ್ (ಡಿಸ್ಕ್ ಭಾಗ ಮಾಡುವ ವಿಧಾನ) ಕೇಳಿದಾಗ ಜಿಯುಐಡಿ ಆರಿಸಬೇಕು. ಓಎಸ್ ಕೂತಿತು.

ಆಮೇಲೆ ಗೊತ್ತಾಯಿತು ನಿಜ ಏನು ಅಂತ. ಸಿಸ್ಟಮ್ ಮಾಹಿತಿಯ ಪವರ್ ಭಾಗದಲ್ಲಿ ನೋಡಿದರೆ ಬ್ಯಾಟರಿಯ ಸೈಕಲ್ ಕೌಂಟ್ (ಪೂರ್ತಿ ಚಾರ್ಜ್‌ನಷ್ಟು ಎಷ್ಟು ಸಲ ಬಳಸಿದ್ದಾರೆ ಅನ್ನುವ ಲೆಕ್ಕ) 1000 ದಾಟಿತ್ತು. ಈ ಮಾಡೆಲ್‌ಗೆ ಆಪಲ್ ಹೇಳುವ ಮಿತಿಯೇ 1000. ಚಾರ್ಜರ್ ತೆಗೆದರೆ ಸ್ಕ್ರೀನ್ ಕಪ್ಪಾಗುತ್ತದೆ. ಮಾರುವಾಗ "ಬ್ಯಾಟರಿ ಚೆನ್ನಾಗಿದೆ" ಅಂದಿದ್ದರು. ಡೇಟಾ ಕಾಪಾಡಿಕೊಳ್ಳಲು ಅಳಿಸುವುದು ಮಾರುವವರ ಹಕ್ಕು, ಅದರಲ್ಲಿ ತಪ್ಪಿಲ್ಲ. ಆದರೆ ಅಳಿಸಿದ ಮೇಲೆ ಓಎಸ್ ಹಾಕಿ, ಭಾಷೆ ಯಾವುದು ಅಂತ ಕೇಳುವ ಸ್ವಾಗತದ ಸ್ಕ್ರೀನ್‌ವರೆಗೆ ತಂದು ಕೊಡಬಹುದಲ್ವಾ? ಅಷ್ಟು ಮಾಡದವರು ಏನನ್ನೋ ಮುಚ್ಚಿಡುತ್ತಿದ್ದಾರೆ ಅಂತಲೇ ನಾನು ಈಗ ಅಂದುಕೊಳ್ಳುತ್ತೇನೆ.

ಅದಕ್ಕೇ ಹೇಳುತ್ತಿರುವುದು, ಓಎಸ್ ಇರುವ ಯಂತ್ರವನ್ನೇ ಕೇಳಿ. ಚಾರ್ಜರ್ ಕಿತ್ತು ಓಡಿಸಿ ನೋಡಿ. ಸೈಕಲ್ ಕೌಂಟ್ ತೋರಿಸಿ ಅನ್ನಿ, ತಾರೀಖು ನೋಡಿ. ಆನ್ ಮಾಡುವಾಗ ಬೀಗದ ಚಿತ್ರ ಬಂದು ಪಾಸ್‌ವರ್ಡ್ ಕೇಳಿದರೆ ಅಂಥದ್ದು ಬೇಡವೇ ಬೇಡ, ಅದು ಫರ್ಮ್‌ವೇರ್ ಪಾಸ್‌ವರ್ಡ್ (ಓಎಸ್‌ಗೂ ಮುಂಚೆ ಯಂತ್ರದಲ್ಲೇ ಇರುವ ಬೀಗ), ತೆಗೆಸಲು ಮೊದಲು ಕೊಂಡಾಗಿನ ಬಿಲ್ ಬೇಕಾಗುತ್ತದೆ. 2018ರಿಂದೀಚೆಗಿನ ಮ್ಯಾಕ್ ಆದರೆ ಹಳೆ ಮಾಲೀಕರ ಆಪಲ್ ಐಡಿಯ ಆ್ಯಕ್ಟಿವೇಶನ್ ಲಾಕ್ (ಆ ಐಡಿ ಇಲ್ಲದೆ ಬಳಸಲು ಬಿಡದ ಬೀಗ) ಉಳಿದಿರಬಹುದು, ಡಿಸ್ಕ್ ಒರೆಸಿದರೂ ಅದು ಹೋಗುವುದಿಲ್ಲ. ನಿಮ್ಮೆದುರೇ ತೆಗೆಸಿಕೊಳ್ಳಿ.

2012ರ ಮ್ಯಾಕ್‌ಬುಕ್ ಪ್ರೊಗೆ ಅಧಿಕೃತವಾಗಿ ಸಿಗುವ ಕೊನೆಯ ಓಎಸ್ ಕ್ಯಾಟಲಿನಾ, ಅದಕ್ಕೂ ಈಗ ಸೆಕ್ಯೂರಿಟಿ ಅಪ್‌ಡೇಟ್ ಬರುವುದಿಲ್ಲ. ಬೆಲೆ ಮಾತಾಡುವಾಗ ಇದನ್ನೂ ಲೆಕ್ಕಕ್ಕೆ ತಗೊಳ್ಳಿ. ನಮಗಂತೂ ದುಡ್ಡು ವಾಪಸ್ ಬಂದಿಲ್ಲ, ಬ್ಯಾಟರಿ ಖರ್ಚು ಬೇರೆ.